ಮೂವತ್ತಾರು ಅಕ್ಷರ ಕಾಯುವ ಕರುಣಾ

ಬೆಳಿಗ್ಗೆ ಆರೂಕಾಲು. ಶಿಕಾರಿಪುರದ ಪುಟ್ಟ ಖಾಸಗಿ ರಕ್ತಪರೀಕ್ಷಾ ಕೇಂದ್ರ. ಇಲ್ಲಿನ ಕರುಣಾ ಅವರ ಕೆಲಸದ ಬಗ್ಗೆ ಬರೆಯಲು ಬಂದಿದ್ದೇನೆ. ಕರುಣಾ ಇನ್ನೂ ಹೆಗಲ ಚೀಲ ಇಳಿಸಿಲ್ಲ, ಕಿಟಕಿಯಾಚೆಯಿಂದ ದನಿ: "ಅಕ್ಕಾ, ಬಂತೇನ್ರೀ?" ಚಂದ್ರಗುತ್ತಿ ಕಡೆಯ ಕುರಿಗಾರ ಸಣ್ಣಬೀರಪ್ಪ. ಹೆಂಡತಿ ತಾಯಮ್ಮನಿಗೆ ಐದು ದಿನದಿಂದ ಡೆಂಗಿ ಜ್ವರ, ಸೊರಬದ ಆಸ್ಪತ್ರೆಯಲ್ಲಿದ್ದಾರೆ. ರಕ್ತದ ಟ್ಯೂಬನ್ನು ನಸುಕಿನಲ್ಲಿ ಇವರೇ ಬೈಕಿನಲ್ಲಿ ತಂದಿದ್ದಾರೆ. ಪ್ಲೇಟ್‌ಲೆಟ್ ಇಪ್ಪತ್ತು ಸಾವಿರಕ್ಕಿಂತ ಕೆಳಗಿದ್ದರೆ ತಕ್ಷಣ ಶಿವಮೊಗ್ಗಕ್ಕೆ ಎಂದಿದ್ದಾರೆ ವೈದ್ಯರು.

ಫಲಿತಾಂಶವೇನೋ ಬಂದಿದೆ. ಯಾವುದು ಯಾರದ್ದೆಂದು ಗೊತ್ತಿಲ್ಲ!

ಇಲ್ಲಿ ಟ್ಯೂಬಿನ ಮೇಲೆ ಹೆಸರಿರುವುದಿಲ್ಲ. ಅಕ್ಷರ, ಅಂಕಿ, ಗೀಟು ಸೇರಿ ಒಟ್ಟು ಮೂವತ್ತಾರು ಚಿಹ್ನೆಗಳ ಉದ್ದನೆಯ ಗುರುತು. ಯಂತ್ರ ಅದನ್ನು ಓದುತ್ತದೆ, ಕಂಪ್ಯೂಟರ್ ಅದನ್ನು ಹೆಸರಿಗೆ ಜೋಡಿಸುತ್ತದೆ. ದಿನಕ್ಕೆ ನೂರೆಂಬತ್ತು ಟ್ಯೂಬು. ಜೋಡಿಸುವ ಪ್ರೋಗ್ರಾಂ ಬರೆದವರು ಆನವಟ್ಟಿಯ ಕರುಣಾ. ಟೈಪಿಂಗ್ ಕೆಲಸಕ್ಕೆ ಸೇರಿ, ಬಸ್ಸಿನಲ್ಲಿ ಫೋನ್ ನೋಡುತ್ತಲೇ ಪ್ರೋಗ್ರಾಮಿಂಗ್ ಕಲಿತವರು. ಹುದ್ದೆ ಮಾತ್ರ ಇಂದಿಗೂ ಟೈಪಿಸ್ಟ್! ಕೇಳಿ ನನಗೇ ಸಿಟ್ಟು ಬರುತ್ತದೆ, ಅವರಿಗಿಲ್ಲ.

ನಿನ್ನೆ ಹೊಸ ಯಂತ್ರ ಬಂದಿದೆ. ಇಂದಿನ ಮೂರು ಫಲಿತಾಂಶಗಳಿಗೂ 'ಇಂಥ ರೋಗಿ ಇಲ್ಲ' ಎನ್ನುತ್ತಿದೆ ಕಂಪ್ಯೂಟರ್.

"ಮೊದ್ಲು ಹಾಕಿದ್ದೇ ಅವ್ರ ಟ್ಯೂಬ್ ಇರ್ಬೇಕು ರೀ. ಒಂದು ಲಕ್ಷ ನಲವತ್ತು ಸಾವಿರ, ಆರಾಮಿದಾರೆ. ಕೊಟ್ಟು ಕಳ್ಸಿ," ಎನ್ನುತ್ತಾರೆ ಟೆಕ್ನೀಷಿಯನ್ ನಾಗೇಶ. ಹೊರಗೆ ಸಣ್ಣಬೀರಪ್ಪ ಕಿಟಕಿ ಬಡಿಯುತ್ತಾರೆ.

"ಇರ್ಬೇಕು ಅಂತ ಕೊಡಕ್ಕಾಗಲ್ಲ ನಾಗೇಶಣ್ಣ."

ಯಾರಾದರೂ ನೋಡುವುದು ಮೊದಲ ನಾಲ್ಕೈದು ಅಕ್ಷರ. ಕರುಣಾ ಕೊನೆಯಿಂದ ಓದುತ್ತಾರೆ. ಟ್ಯೂಬಿನ ಮೇಲಿನ ಗುರುತಿನಲ್ಲೂ ಯಂತ್ರ ಕೊಟ್ಟದ್ದರಲ್ಲೂ ಕೊನೆಯ ಅರ್ಧ ಒಂದೇ! ಮೊದಲ ಅರ್ಧದಲ್ಲಿ ಮಾತ್ರ ಅಕ್ಷರದ ಜೋಡಿಗಳು ಹಿಂದುಮುಂದಾಗಿವೆ. ಹೊಸ ಯಂತ್ರ ಬರೆಯುವ ಕ್ರಮವೇ ಬೇರೆ. ನಾಲ್ಕು ಸಾಲು ಪ್ರೋಗ್ರಾಂ ಬರೆದು ಆ ಜೋಡಿಗಳನ್ನು ತಿರುಗಿಸುತ್ತಾರೆ, ಹೆಸರುಗಳು ಮೂಡುತ್ತವೆ. ಆದರೂ ಕೊಡುವುದಿಲ್ಲ, ತಿರುಗಿಸಿದ ಗುರುತನ್ನು ಮತ್ತೆ ಯಂತ್ರದ ರೂಪಕ್ಕೆ ತಂದು ಹೋಲಿಸುತ್ತಾರೆ. "ಹೋದ್ ದಾರೀಲೇ ವಾಪಸ್ ಬರ್ಬೇಕು ಸಾರ್, ಒಂದಕ್ಷರನೂ ಬೀಳ್ದಂಗೆ."

ಬರುತ್ತದೆ. ತಾಯಮ್ಮನದು ಮೂರನೆಯ ಟ್ಯೂಬು: ಹದಿನೆಂಟು ಸಾವಿರ. ನಾಗೇಶ ಕೊಡಿ ಎಂದದ್ದು ಬೇರೆ ಯಾರದ್ದೋ.

ಕರುಣಾ ಸೊರಬದ ವೈದ್ಯರಿಗೆ ಫೋನ್ ಮಾಡುತ್ತಾರೆ. ಅಲ್ಲಿಂದ ಶಿವಮೊಗ್ಗಕ್ಕೆ ಆಂಬುಲೆನ್ಸ್ ಹೊರಡುತ್ತದೆ. ಸಣ್ಣಬೀರಪ್ಪ ರಿಪೋರ್ಟ್ ಕಸಿದುಕೊಳ್ಳುತ್ತಾರೆ. "ಒಂದ್ ಚೀಟಿಗೆ ಮುಕ್ಕಾಲು ಗಂಟೆ! ಏನ್ ಕೆಲ್ಸ ಮಾಡ್ತೀರ್ರೀ ನೀವು?" ಎಂದು ರೇಗಿ ಬೈಕು ಹತ್ತುತ್ತಾರೆ.

ನಡೆದದ್ದನ್ನು ಅವರಿಗೆ ಹೇಳಬಾರದಿತ್ತೇ ಎಂದು ತಡೆಯಲಾರದೆ ಕೇಳುತ್ತೇನೆ. ಕರುಣಾ ಮುಂದಿನ ಟ್ಯೂಬ್ ಎತ್ತಿಕೊಂಡಾಗಿದೆ.

"ಬೈಲಿ ಬಿಡಿ ಸಾರ್. ಅವ್ರ ಹೆಂಡ್ತಿ ರಿಪೋರ್ಟೇ ತಗಂಡ್ ಹೋದ್ರಲ್ಲ."