ಹೊಯ್ಗೆ ಎಂದರೆ ಉಸುಕು

ಈ ಪೇಟೆಗೆ ಬಂದ ಮರುದಿನ ಬೆಳಿಗ್ಗೆ ಹೊಳೆಯ ದಂಡೆಗೆ ಹೋಗಿ ನಿಂತೆ. ನದಿ ಹಿಂದಕ್ಕೆ ಹರಿಯುತ್ತಿತ್ತು. ಒಂದು ತೆಂಗಿನ ಸೋಗೆ ಸಮುದ್ರದ ಕಡೆಯಿಂದ ಘಟ್ಟದ ಕಡೆಗೆ ಆರಾಮಾಗಿ ತೇಲಿಕೊಂಡು ಹೋಗುತ್ತಿತ್ತು. ಓಡಿ ಬಂದು ಮನೆಯೊಡತಿ ಗಿರಿಜಕ್ಕನಿಗೆ ಹೇಳಿದರೆ ಅವರು ಬಾಯಿಗೆ ಸೆರಗು ಹಿಡಿದು ನಕ್ಕರು.

"ಭರತ ಅದು, ಮಾರಾಯ್ತಿ. ಸಮುದ್ರ ಏರಿದರೆ ಹೊಳೆ ಹಿಂದೆ ಬರುತ್ತದೆ, ಇಳಿದರೆ ಪುನಃ ಹೋಗುತ್ತದೆ. ನಿಮ್ಮಲ್ಲಿ ಇಲ್ವಾ?"

ನಮ್ಮಲ್ಲಿ ಹೊಳೆಗೆ ನೀರೇ ಇಲ್ಲ ಎಂದು ಹೇಳಲು ನಾಚಿಕೆಯಾಯಿತು. ಮಲಪ್ರಭೆಯ ದಂಡೆಯವಳು ನಾನು. ಮಳೆಗಾಲ ಕಳೆದರೆ ನಮ್ಮದು ಉಸುಕಿನ ಹೊಳೆ.

ಊರಿನವರು ಫೋನ್ ಮಾಡಿದಾಗಲೆಲ್ಲ "ಉಡುಪಿಯಾಗ ಅದೀರಿ, ದಿನಾ ಕೃಷ್ಣನ ದರ್ಶನ" ಎನ್ನುತ್ತಾರೆ. ನಾವಿರುವುದು ಮಣಿಪಾಲದ ಗುಡ್ಡದ ಬುಡದಲ್ಲಿ, ಸ್ವರ್ಣಾ ನದಿಯ ದಂಡೆಯ ಸಣ್ಣ ಪೇಟೆಯಲ್ಲಿ. ನನ್ನ ಗಂಡ ಬಸವರಾಜ ಮೊದಲು ಬಂದು ಟಿಪ್ಪರ್ ಓಡಿಸುವ ಕೆಲಸ ಹಿಡಿದರು. ಆಮೇಲೆ ನಾನು ಬಂದೆ. ಇಲ್ಲಿನ ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮನೆಯಲ್ಲಿ ತುಳು ಆಡುವ ಮಕ್ಕಳ ಕನ್ನಡ ಪುಸ್ತಕದಷ್ಟು ಸ್ವಚ್ಛ. ನಾನು ಮರೆತು "ಬರ್ರಿ, ಕುಂದರ್ರಿ" ಎಂದರೆ ಬೆಂಚುಗಳೆಲ್ಲ ನಗುತ್ತಿದ್ದವು. ನಾನೂ ಪುಸ್ತಕದ ಕನ್ನಡ ಕಲಿತೆ.

ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯಲು ಬಹಳ ದಿನ ಹಿಡಿಯಿತು. ಬೆಳಗಿನ ಜಾವ ನಾನು ರೊಟ್ಟಿ ಬಡಿಯುವ ಸದ್ದಿಗೆ ಗಿರಿಜಕ್ಕ ಗಾಬರಿಯಾಗಿ ಬಾಗಿಲು ತಟ್ಟಿದ್ದರು. "ಎಂತ ಬಡಿಯುವುದು? ಏನಾದರೂ ಜಗಳವಾ?" ರೊಟ್ಟಿ ತಿಂದು ನೋಡಿದ ಮೇಲೆ ಭಾನುವಾರಗಳಂದು ಅವರೇ ಮೀನಿನ ಸಾರು ಮಾಡಿ ನನ್ನ ರೊಟ್ಟಿಗಾಗಿ ಕಾಯುತ್ತಿದ್ದರು. ನಾವು ಮೀನು ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಅದು ಹೆಸರುಕಾಳಿನ ಗಸಿಯಾಯಿತು.

ಈ ಪೇಟೆಯ ಕಥೆಯನ್ನು ಹೇಳಿದವರೂ ಅವರೇ. ಸೇತುವೆ ಇಲ್ಲದ ಕಾಲದಲ್ಲಿ ಅವರ ಅಪ್ಪ ದೋಣಿ ದಾಟಿಸುತ್ತಿದ್ದರಂತೆ. ಆ ಕಡೆಯ ಅಕ್ಕಿ, ಈ ಕಡೆಯ ಹಂಚು, ಮದುವೆಯ ದಿಬ್ಬಣ, ಬಾಣಂತಿಯರು, ಎಲ್ಲವೂ ಆ ದೋಣಿಯಲ್ಲೇ. ಹಂಚಿನ ಕಾರ್ಖಾನೆಯ ಸೈರನ್ನಿಗೆ ಇಡೀ ಪೇಟೆ ಊಟಕ್ಕೆ ಏಳುತ್ತಿತ್ತು. ಸೇತುವೆ ಬಂದದ್ದೇ ಅಂಗಡಿಗಳೆಲ್ಲ ರಸ್ತೆಯ ಬದಿಗೆ ಓಡಿದವು. ಕಾರ್ಖಾನೆ ಮುಚ್ಚಿತು. ಈಗ ದಂಡೆಯಲ್ಲಿ ಉಳಿದಿರುವುದು ಗೋಳಿಬಜೆಯ ಒಂದು ಹೋಟೆಲು, ಬಾಗಿಲು ಹಾಕಿದ ಗೋದಾಮುಗಳು, ಮತ್ತು ಮರಳಿನ ದೋಣಿಗಳು ಬಂದು ನಿಲ್ಲುವ ಧಕ್ಕೆ.

ಮರಳಿಗೆ ಇಲ್ಲಿ ಹೊಯ್ಗೆ ಎನ್ನುತ್ತಾರೆ. ನಮ್ಮ ಉಸುಕೇ ಅದು. ಹೊಳೆಯಲ್ಲಿ ಮುಳುಗಿ ಬಕೆಟ್ಟಿನಲ್ಲಿ ಹೊಯ್ಗೆ ಎತ್ತುವವರು ನಮ್ಮ ಗದಗ, ಕೊಪ್ಪಳದ ಕಡೆಯವರು. ಧಕ್ಕೆಯ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಅವರ ಸಂಸಾರ. ಅವರಲ್ಲಿ ರೋಣದ ರೇಣುಕವ್ವ ನನಗೆ ತಂಗಿಯಂತಾಗಿದ್ದಳು. ಅವಳ ಗಂಡ ಎತ್ತಿದ್ದನ್ನು ನನ್ನ ಗಂಡ ಟಿಪ್ಪರಿನಲ್ಲಿ ಸಾಗಿಸುತ್ತಿದ್ದರು.

ಈ ಸಲ ಬೇಸಿಗೆ ಶುರುವಾಗುವಾಗ ಗಿರಿಜಕ್ಕನ ಬಾವಿಯ ನೀರು ಉಪ್ಪಾಯಿತು. ಚಹಾ ಒಡೆಯಿತು. ಅನ್ನ ಬೇಯಲಿಲ್ಲ. ದಂಡೆಯ ಮನೆಗಳ ಬಾವಿಗಳೆಲ್ಲ ಒಂದೊಂದಾಗಿ ಹೀಗೇ ಆದವು. ಹೊಳೆಯ ತಳ ಆಳವಾಗಿ ಸಮುದ್ರದ ನೀರು ಒಳಗೆ ನುಗ್ಗಿದೆ ಎಂದರು. ಅರವತ್ತು ದಾಟಿದ ಗಿರಿಜಕ್ಕ ಗುಡ್ಡದ ಮೇಲಿನ ನೆಂಟರ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದರು. ತಂದದ್ದರಲ್ಲಿ ಒಂದನ್ನು ನಮ್ಮ ಹೊಸ್ತಿಲಲ್ಲಿಟ್ಟು, "ನಿಮಗೆ ಶಾಲೆಗೆ ಹೊತ್ತಾಗುತ್ತದಲ್ಲ, ಇರಲಿ" ಎನ್ನುತ್ತಿದ್ದರು. ಬಸವರಾಜ ಧಕ್ಕೆಯಿಂದ ಬಂದು, ಮೈಮೇಲಿನ ಹೊಯ್ಗೆ ಕೊಡವಿ, ಆ ನೀರನ್ನೇ ಗಟಗಟ ಕುಡಿಯುತ್ತಿದ್ದರು. ಅವರ ಗಂಟಲನ್ನು ನೋಡಲಾಗದೆ ನಾನು ಒಳಗೆ ಹೋಗುತ್ತಿದ್ದೆ.

ನನಗೆ ಇದು ಹೊಸದಲ್ಲ. ನನ್ನವ್ವ ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ಕುಳಿ ತೋಡಿ, ಅದರಲ್ಲಿ ಒಸರಿದ ನೀರನ್ನು ಬಟ್ಟಲಿನಿಂದ ತುಂಬಿಕೊಳ್ಳುತ್ತಿದ್ದಳು. ಅದಕ್ಕೆ ನಾವು ವರತಿ ಎನ್ನುತ್ತೇವೆ. ಲಾರಿಗಳು ಬಂದು ಉಸುಕು ಹೊತ್ತೊಯ್ದವು. ವರತಿ ಬತ್ತಿತು. ಹೊಲವೂ ಬತ್ತಿತು. ನಾವು ಊರು ಬಿಟ್ಟದ್ದು ಹಾಗೆ. ಅಲ್ಲಿ ನಮಗಾದದ್ದನ್ನು ಇಲ್ಲಿಗೆ ಬಂದು ನಾವೇ ಮಾಡುತ್ತಿದ್ದೆವು.

ಶಾಲೆಯ ಸಭಾಂಗಣದಲ್ಲಿ ಪೇಟೆಯವರ ಸಭೆ ಸೇರಿತು. ಮುಂದಿನ ಸಾಲಿನಲ್ಲಿ ಧಕ್ಕೆಯ, ಮರಳಿನ ದೋಣಿಗಳ ಯಜಮಾನರು ಕುಳಿತಿದ್ದರು. ನಮ್ಮ ಶಾಲೆಯ ಆಡಳಿತ ಸಮಿತಿಯಲ್ಲೂ ಅವರಿದ್ದಾರೆ. ಹಿಂದಿನಿಂದ ಒಬ್ಬರು ಎದ್ದರು. "ಈ ಘಟ್ಟದ ಮೇಲಿನವರು ಬಂದ ಮೇಲೆಯೇ ಹೊಳೆ ಹಾಳಾದದ್ದು." ಯಜಮಾನರೂ ತಲೆಯಾಡಿಸಿದರು.

ಪಕ್ಕದಲ್ಲಿದ್ದ ಗಿರಿಜಕ್ಕ ನನ್ನ ಕೈ ಹಿಡಿದು ಪಿಸುಗುಟ್ಟಿದರು. "ನೀವು ಬೇಜಾರು ಮಾಡಬೇಡಿ. ನಿಮಗೆ ಹೇಳಿದ್ದಲ್ಲ."

ನನಗೇ ಹೇಳಿದ್ದು. ಎದ್ದು ನಿಂತೆ. ವರತಿಯ ಕಥೆ ಹೇಳಿದೆ. "ಹೊಯ್ಗೆ ಹೋದರೆ ನೀರೂ ಹೋಗುತ್ತದೆ. ನಮ್ಮ ಊರಲ್ಲಿ ಹೋಗಿದೆ. ನನ್ನ ಗಂಡ ಟಿಪ್ಪರ್ ಓಡಿಸುವವರು, ನಮ್ಮ ಒಲೆ ಉರಿಯುವುದೂ ಅದರಿಂದಲೇ. ಆದರೂ ಇದು ನಿಲ್ಲಬೇಕು" ಎಂದೆ. ಹೊಯ್ಗೆ ಎತ್ತಿಸಿದವರು ಯಾರು ಎಂಬ ಮಾತೂ ನಾಲಿಗೆಯ ತುದಿಗೆ ಬಂದಿತ್ತು. ಯಜಮಾನರು ತಿರುಗಿ ನನ್ನನ್ನೇ ನೋಡುತ್ತಿದ್ದರು. ಕುಳಿತುಬಿಟ್ಟೆ. ಮೊದಲು ಚಪ್ಪಾಳೆ ತಟ್ಟಿದವರು ಅವರು.

ಸಭೆಯ ಒತ್ತಾಯಕ್ಕೆ ಆ ವಾರವೇ ಧಕ್ಕೆ ಮುಚ್ಚಿತು. ಯಜಮಾನರು ದೋಣಿಗಳನ್ನು ದಡಕ್ಕೆ ಎಳೆಸಿ ಬೇರೆ ವ್ಯಾಪಾರಕ್ಕೆ ತಿರುಗಿದರು. ಶೆಡ್ಡುಗಳನ್ನು ಕಿತ್ತರು. ನಾನು ಹೋದಾಗ ರೇಣುಕವ್ವ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು.

"ಅಕ್ಕಾರ, ನೀವು ಕಲಿತವ್ರು, ಮಂದಿ ಮುಂದ ನಿಂತು ಮಾತಾಡಿದ್ರಿ. ಧಣ್ಯಾರ ಹೆಸರು ಯಾಕ ಬಾಯಾಗ ಬರ್ಲಿಲ್ಲ? ನಿಮ್ಮ ಕಣ್ಣಿಗೆ ನಾವಷ್ಟ ಕಂಡ್ವೇನು?"

ಚೀಲದ ಬಾಯಿ ಕಟ್ಟಲು ಕೈ ಚಾಚಿದೆ. ಅವಳು ಚೀಲವನ್ನು ತನ್ನತ್ತ ಎಳೆದುಕೊಂಡಳು.

ಒಮ್ಮೆ ಊಟಕ್ಕೆ ಕುಳಿತಾಗ ಬಸವರಾಜ ಹೇಳಿದರು. "ಸಭಾದಾಗ ನನ್ನ ಸುದ್ದಿ ತಗದಿದ್ದಕ್ಕ ಸಿಟ್ಟಿಲ್ಲ. ನನಗ ಲೈಸೆನ್ಸ್ ಐತಿ, ಎಲ್ಲ್ಯಾರ ಸ್ಟೇರಿಂಗ್ ಹಿಡೀತೀನಿ. ಶೆಡ್ಡಿನ ಮಂದಿ ಎಲ್ಲಿ ಹೋಗ್ಬೇಕು?" ಈಗ ಅವರು ಅಕ್ಕಿ ಮಿಲ್ಲಿನ ಲಾರಿಯಲ್ಲಿ ಹಿರಿಯಡ್ಕ, ಕಾರ್ಕಳ ತಿರುಗುತ್ತಾರೆ.

ಮಳೆಗಾಲ ಬಂದು ಬಾವಿ ಸಿಹಿಯಾಯಿತು. ಬರುವ ಬೇಸಿಗೆಯಲ್ಲಿ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಯಜಮಾನರೇ ನನಗೆ ಶಾಲು ಹೊದಿಸಿ, "ಟೀಚರ್ ಘಟ್ಟದವರಲ್ಲ, ನಮ್ಮವರೇ" ಎಂದು ಮೈಕಿನಲ್ಲಿ ಹೇಳಿದರು. ಜನ ನಕ್ಕು ಚಪ್ಪಾಳೆ ತಟ್ಟಿದರು. ಗಿರಿಜಕ್ಕನ ಕಣ್ಣಲ್ಲಿ ನೀರು. ಅವರು ನಿಜವಾಗಿಯೂ ಸಂತೋಷಪಟ್ಟಿದ್ದರು. ನನಗೆ ಶಾಲಿನ ಒಳಗೆ ಮೈ ಸುಡುತ್ತಿತ್ತು.

ಮೊನ್ನೆ ಕಾಪುವಿಗೆ ಹೋದವಳು ಹೆದ್ದಾರಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಎದುರಿನಲ್ಲಿ ಕಟ್ಟುತ್ತಿದ್ದ ಕಟ್ಟಡದಿಂದ ಬುಟ್ಟಿ ಕೆಳಗಿಟ್ಟು ಒಬ್ಬಳು ಬಂದಳು. ರೇಣುಕವ್ವ. ಸಿಮೆಂಟಿನ ಕೈ ಒರೆಸಿಕೊಂಡು, "ಆರಾಮ ಅದೀರೇನ್ರಿ? ಗಿರಿಜಮ್ಮಾರ ಬಾವಿ ಸಿಹಿ ಆತೇನು?" ಎಂದಳು.

"ಆಯ್ತು. ಈಗ ಒಳ್ಳೆಯ ನೀರು ಉಂಟು."

ಈ ಕಡೆಯ ಆ 'ಉಂಟು' ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು. ರೇಣುಕವ್ವ ನನ್ನ ಮುಖವನ್ನೊಮ್ಮೆ ನೋಡಿದಳು. "ಚಂದ ಮಾತಾಡಾಕ ಕಲ್ತೀರಿ" ಎಂದಳು. ಅವಳ ಮಾತಿನಲ್ಲಿ ಅಣಕವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಬಸ್ಸು ಬಂತು. "ಊರಿಗೆ ಹೊಂಟೀರೇನ್ರಿ?" ಎಂದು ಕೇಳಿದಳು.

"ಹೂಂ, ಊರಿಗೆ" ಎಂದು ಹತ್ತಿದೆ. ಅವಳು ಕೇಳಿದ್ದು ಗದಗಿನ ಕಡೆಯ ನಮ್ಮೂರು. ಬಸ್ಸಿನ ಮೇಲೆ ಬರೆದಿದ್ದದ್ದು ಮಣಿಪಾಲ. ಓದಲು ಬಾರದ ರೇಣುಕವ್ವ, "ನಮ್ಮ ಮಂದಿಗೆಲ್ಲ ಕೇಳೀನಂತ ಹೇಳ್ರಿ" ಎಂದು ಕೂಗಿ ಕೈ ಬೀಸುತ್ತಿದ್ದಳು. ನಾನು ಕಿಟಕಿಯಿಂದ ತಲೆಯಾಡಿಸಿದೆ.