ಮಂಗಳಾರತಿ ಇಲ್ಲದ ಸಿನೇಮಾ

ಹಿರೇಬೆಂಡಿಗೇರಿಯಲ್ಲಿ ಮಹಾಲಿಂಗಪ್ಪಣ್ಣನ ಹೆಸರು ಎತ್ತಿದರೆ ಸಾಕು, ಮೊದಲು ನಗು, ಆಮೇಲೆ ಮಾತು. ನನಗೆ ಆ ನಗು ಕಂಡರಾಗದು. ಅವನು ನನ್ನ ದೊಡ್ಡಪ್ಪನ ಮಗ. ಅವನ ಡೇರೆ, ಮಶೀನು ಹೇರಿದ ಗಾಡಿಯನ್ನು ಊರೂರಿಗೆ ಹೊಡೆದವನು ನಾನು. ನಗುವವರು ಹೊಟ್ಟೆ ತುಂಬ ನಗಲಿ, ಆದರೆ ನಡೆದದ್ದನ್ನು ಸರಿಯಾಗಿ ತಿಳಿದು ನಗಲಿ.

ಅಣ್ಣ ಮೊದಲು ದೊಡ್ಡಾಟದ ಮಾಸ್ತರ. ಸುತ್ತಲಿನ ಹಳ್ಳಿಗಳಲ್ಲಿ ಕುಣಿತ, ಹಾಡು, ಮಾತು ಕಲಿಸುತ್ತಿದ್ದ. ೧೯೩೫ರ ಸುಮಾರಿಗೆ ಹುಬ್ಬಳ್ಳಿಗೆ ಹೋಗಿ ಸಿನೇಮಾ ನೋಡಿಬಂದವನಿಗೆ ಊಟ ರುಚಿಸದಾಯಿತು. ಹೊಲವನ್ನು ನಮ್ಮಪ್ಪನ ಕೈಗೊಪ್ಪಿಸಿ ಕೊಲ್ಲಾಪುರಕ್ಕೆ ಹೊರಟುಹೋದ. ಅಲ್ಲಿ ಒಂದು ಸ್ಟುಡಿಯೋದಲ್ಲಿ ಅವನಿಗೆ ಸಿಕ್ಕ ಕೆಲಸ ಚಂದ್ರನನ್ನು ಹಿಡಿದು ನಿಲ್ಲುವುದು. ತಗಡಿನ ಚಂದ್ರ, ಬಿದಿರಿನ ಗಳ. ನಾಯಕ ನಾಯಕಿಯರು ಹಾಡಿ ಮುಗಿಸುವ ತನಕ ಕೆಮ್ಮುವಂತಿಲ್ಲ. ಹೀಗೆ ಕೆಲವು ವರ್ಷ ಹುಣ್ಣಿಮೆಯನ್ನು ಹೊತ್ತು ನಿಂತು, ಡೈರೆಕ್ಟರ್ ಎಂಬವನು ಏನೇನು ಮಾಡುತ್ತಾನೆಂದು ಏಣಿಯ ಮೇಲಿಂದಲೇ ನೋಡಿ ಕಲಿತ.

ತಿರುಗಿ ಬರುವಾಗ ತಲೆಯ ಮೇಲೆ ಸಾಹೇಬರ ಟೊಪ್ಪಿಗೆ, ಕೈಯಲ್ಲಿ ದನಿ ದೊಡ್ಡದು ಮಾಡುವ ತಗಡಿನ ಭೋಂಗಾ, ಹೆಗಲ ಮೇಲೆ ಸ್ಟುಡಿಯೋದವರು ಬೇಡವೆಂದು ಮೂಲೆಗೆ ಹಾಕಿದ್ದ ಮೂಕ ಸಿನೇಮಾದ ಕ್ಯಾಮರಾ. ಭೋಂಗಾ ಇಲ್ಲದೆ ಅವನಿಗೆ ಮಾತೇ ಬರದಂತಾಗಿತ್ತು. ಪಡಸಾಲೆಯಲ್ಲಿ ಕುಳಿತು, “ರೊಟ್ಟಿ ರೆಡಿ! ಪಲ್ಯ ರೆಡಿ!” ಎಂದು ಅದರಲ್ಲೇ ಕೂಗುತ್ತಿದ್ದ.

“ಆ ತಗಡು ಕೆಳಗಿಟ್ಟು ಮನಷ್ಯಾರಂಗ ಕೇಳ್ರಿ, ಹಾಕ್ತೇನಿ,” ಎಂದು ಅವನ ಹೆಂಡತಿ ಶಿವಬಸವ್ವ ವೈನಿ ಅಡಿಗೆಮನೆಯಿಂದ ಉತ್ತರ ಕೊಡುತ್ತಿದ್ದಳು.

ಅಣ್ಣ ಬರೆದ ಕತೆ ಸರಳ. ಒಳ್ಳೆಯ ರಾಜ, ಕೆಟ್ಟ ಮಂತ್ರಿ, ಕೊನೆಗೆ ಮಂತ್ರಿಯ ಭರ್ಚಿ ತಗಲಿ ರಾಜನ ಸಾವು. ರಾಜನ ಪಾತ್ರಕ್ಕೆ ನಮ್ಮೂರ ಮಾರೆಪ್ಪನನ್ನು ಬಿಟ್ಟರೆ ಬೇರೆ ಯಾರಿದ್ದರು? ಹಗಲೆಲ್ಲ ಮಂದಿಯ ಹೊಲದಲ್ಲಿ ದುಡಿಯುವ ಮನುಷ್ಯ, ಕಿರೀಟ ಇಟ್ಟನೆಂದರೆ ಗೌಡರೂ ಎದ್ದು ನಿಲ್ಲಬೇಕು. ಅದರಲ್ಲೂ ಸಾಯುವುದರಲ್ಲಿ ಅವನನ್ನು ಮೀರಿಸಿದವರೇ ಇರಲಿಲ್ಲ. ಅವನು ಒದ್ದಾಡಿ ಬಿದ್ದರೆ ಜನ ಅತ್ತು, ಮೂಗು ಒರೆಸಿಕೊಂಡು, “ಒನ್ಸ್ ಮೋರ್!” ಎಂದು ಕೂಗುತ್ತಿದ್ದರು. ಅವನು ಎದ್ದು, ಧೂಳು ಕೊಡವಿ, ಮೊದಲಿಗಿಂತ ಚೆನ್ನಾಗಿ ಸಾಯುತ್ತಿದ್ದ.

ಆದರೆ ಅವನ ಹೆಂಡತಿ ಅಡಿವೆವ್ವ ಅಡ್ಡ ನಿಂತಳು. ದೊಡ್ಡಾಟದಲ್ಲಿ ಸತ್ತವರೆಲ್ಲ ಕೊನೆಗೆ ಎದ್ದು ಬಂದು ಸಾಲಾಗಿ ನಿಂತು ಮಂಗಳಾರತಿ ಮಾಡಿಸಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಅದಾಗದೆ ಜನ ಮನೆಗೆ ಹೋದರೆ ಸತ್ತ ಪಾತ್ರ ಆಡಿದವನಿಗೆ ಕೇಡು.

“ಆಟದಾಗ ಸತ್ರ ಮಂಗಳಾರತಿಗೆ ಎದ್ದು ನಿಂದರ್ತಾನ,” ಎಂದಳು. “ನಿಮ್ಮ ಪರದೇದ ಅರಿವ್ಯಾಗ ಸತ್ತಾವನ್ನ ಯಾರು ಎಬ್ಬಸ್ತಾರ್ರಿ, ಮಾಸ್ತರ?”

“ಸಿನೇಮಾ ತೋರಿಸಿದ ಊರಾಗೆಲ್ಲ ಎದ್ದು ನಿಂದರ್ತಾನವ್ವ. ಮಂಗಳಾರತಿ ಆಗೂತನಕ ಒಬ್ಬರನ್ನೂ ಮನಿಗೆ ಬಿಡೂದಿಲ್ಲ. ನಾ ಮಾತು ಕೊಡ್ತೇನಿ,” ಎಂದ ಅಣ್ಣ. ಸಿನೇಮಾದ ಕೊನೆಗೆ ಮಂಗಳಾರತಿಯನ್ನೂ ಕ್ಯಾಮರಾದಲ್ಲಿ ಹಿಡಿದುಬಿಟ್ಟರೆ ಆಯಿತೆಂದು ಅವನ ಲೆಕ್ಕ.

೧೯೪೨ರಲ್ಲಿ ಆಡೂರಿನ ಹಳೆಯ ಗುಡಿಯ ಮುಂದೆ ಶೂಟಿಂಗ್ ನಡೆಯಿತು. ನೋಡಲು ಸುತ್ತಲಿನ ಹಳ್ಳಿಗಳೆಲ್ಲ ಬಂದವು. ಅನಾಹುತ ಆದದ್ದು ಅದರಿಂದಲೇ. ಭರ್ಚಿ ತಗಲಿ ಮಾರೆಪ್ಪ ಬಿದ್ದ. ಜನ “ಒನ್ಸ್ ಮೋರ್!” ಎಂದರು. ಹುಟ್ಟಾ ಕಲಾವಿದ, ರೂಢಿ ಬಿಟ್ಟೀತೇ? ಎದ್ದು ಮತ್ತೆ ಸತ್ತ. ಮತ್ತೆ ಕೂಗಿದರು, ಮತ್ತೆ ಸತ್ತ. ಅಣ್ಣನಾದರೂ ಕ್ಯಾಮರಾ ನಿಲ್ಲಿಸಬೇಕಿತ್ತಲ್ಲ! ಅವನೂ ದೊಡ್ಡಾಟದವನೇ. ಕಣ್ಣೀರು ಸುರಿಸುತ್ತ ಹಿಡಿಕೆ ತಿರುವುತ್ತಲೇ ಇದ್ದ. ಕಟ್ಟಕಡೆಗೆ ಎಲ್ಲರೂ ಸಾಲಾಗಿ ನಿಂತು, ವೈನಿ ಆರತಿ ಹಚ್ಚುವಷ್ಟರಲ್ಲಿ ಫಿಲ್ಮು ಮುಗಿದು ಕ್ಯಾಮರಾ ಖಾಲಿ ತಿರುಗುತ್ತಿತ್ತು. ಅದು ಯುದ್ಧದ ಕಾಲ, ಒಂದು ಗೇಣು ಫಿಲ್ಮಿಗೂ ಪರವಾನಗಿ ಬೇಕು. ನಮ್ಮಂಥವರಿಗೆ ಯಾರು ಕೊಟ್ಟಾರು?

ಹೀಗಾಗಿ, ಮೊದಲ ಸಾವೊಂದನ್ನು ಉಳಿಸಿ ಮಿಕ್ಕವನ್ನು ಕತ್ತರಿಸಿದ ಆ ಸಿನೇಮಾ ಹೋದಲ್ಲೆಲ್ಲ ಮಾರೆಪ್ಪನೂ ಗಾಡಿ ಹತ್ತಿದ. ಸವಣೂರಿನ ಖಾದರಸಾಬ ಪರದೆಗೆ ಚಿತ್ರ ಬಿಡುವ ಮಶೀನು ತಿರುವುವನು. ಅಣ್ಣ ಪರದೆಯ ಪಕ್ಕ ನಿಂತು ಭೋಂಗಾದಲ್ಲಿ ರಾಜ, ರಾಣಿ, ಮಂತ್ರಿ, ಕುದುರೆ ಎಲ್ಲರ ದನಿಯನ್ನೂ ತಾನೇ ಹೊರಡಿಸುವನು. ಪರದೆಯ ಮೇಲೆ ರಾಜ ಸತ್ತೊಡನೆ ಮಾರೆಪ್ಪ ಅದೇ ವೇಷದಲ್ಲಿ ಹಿಂದಿನಿಂದ ಬಂದು ನಿಲ್ಲುವನು. ವೈನಿ ಆರತಿ ಎತ್ತುವಳು. ಜನ ಸಮಾಧಾನದಿಂದ ಮನೆಗೆ ಹೋಗುವರು.

ಎಲ್ಲ ಊರಲ್ಲೂ ಇದು ಸಲೀಸಾಗಿ ಆಯಿತೆಂದು ತಿಳಿಯಬೇಡಿ. ಸವಣೂರಿನಲ್ಲಿ ಕುಲಸುಮಬಿ ಎಂಬ ಮುದುಕಿ ಎದ್ದು, “ಇಂವ ಅಲ್ರಿ. ಅಂವ ಇವನಕಿಂತ ದೊಡ್ಡಾವ ಇದ್ದ,” ಎಂದು ತಕರಾರು ತೆಗೆದಳು. ಜನರೂ ಹೌದೆಂದರು. ಕೊನೆಗೆ ಮಾರೆಪ್ಪ ಅವಳ ಕಾಲ ಮುಂದೆಯೇ ಒದ್ದಾಡಿ ಸತ್ತು ತೋರಿಸಬೇಕಾಯಿತು. ಹಾನಗಲ್ಲಿನ ಚಹದ ಅಂಗಡಿಯವನು ಅವನನ್ನು ನೋಡಿ ಕೆಂಡವಾದ. “ನಿನ್ನೆ ನೀವು ಸತ್ರಿ ಅಂತ ನಮ್ಮ ಮನ್ಯಾಗ ಒಲಿ ಹಚ್ಚಿಲ್ಲ. ಇವತ್ತ ಬಂದು ಚಾ ಕೇಳ್ತೀರಲ್ಲ, ನಾಚಿಕಿ ಬರೂದಿಲ್ಲೇನು?” ಪಾಪ, ಅವನು ಮಂಗಳಾರತಿಗೆ ಮುಂಚೆಯೇ ಅಳುತ್ತ ಎದ್ದುಹೋಗಿದ್ದನಂತೆ. ಶಿಗ್ಗಾಂವಿಯಲ್ಲಿ ಮಾರೆಪ್ಪ ಗಾಡಿಯ ಕೆಳಗೆ ನಿದ್ದೆ ಹೋಗಿ ಯಾರಿಗೂ ಸಿಗಲಿಲ್ಲ. ಒಬ್ಬರೂ ಏಳಲಿಲ್ಲ. ಗಲಾಟೆಯೆಂದು ಬಂದ ಫೌಜದಾರನೂ ವಿಷಯ ಕೇಳಿ, ಟೊಪ್ಪಿಗೆ ತೆಗೆದು, ಕಾಯಲು ಕುಳಿತ.

ಮೂರು ವರ್ಷ ಹೀಗೇ ಕಳೆಯಿತು. ಇನ್ನೊಂದು ಸಿನೇಮಾ, ಅದೂ ಮಾತಾಡುವ ಸಿನೇಮಾ ಮಾಡಬೇಕೆಂದು ಅಣ್ಣನ ಜೀವ ಹಾತೊರೆಯುತ್ತಿತ್ತು. ಅಷ್ಟರಲ್ಲಿ ಹುಬ್ಬಳ್ಳಿಯ ಸಾಹುಕಾರನೊಬ್ಬ, ಹಿರೇಕೆರೂರಿಗೆ ಬಂದು ನಿಮ್ಮ ಸಿನೇಮಾ ನೋಡುತ್ತೇನೆ, ಮನಸ್ಸಿಗೆ ಬಂದರೆ ಹೊಸದನ್ನು ನಿಮ್ಮಿಂದಲೇ ಮಾಡಿಸುತ್ತೇನೆ ಎಂದು ಹೇಳಿಕಳಿಸಿದ. ಅಣ್ಣ ಆ ದಿನ ಭೋಂಗಾ ಇಲ್ಲದೆಯೇ ಊರಿಗೆಲ್ಲ ಕೇಳುವಂತೆ ಕೂಗಾಡಿದ.

ಅದೇ ವಾರ ಮಾರೆಪ್ಪ ಚಳಿಜ್ವರ ಬಂದು ತೀರಿಕೊಂಡ.

ಊರು ಮೊದಲು ನಂಬಲಿಲ್ಲ. ಚಟ್ಟದ ಸುತ್ತ ನಿಂತವರು ಅವನು ಏಳುತ್ತಾನೆಂದು ಬಹಳ ಹೊತ್ತು ಕಾದರು. ಯಾರೋ ಒಬ್ಬ ಮೆಲ್ಲಗೆ “ಒನ್ಸ್ ಮೋರ್” ಎಂದೂ ಅಂದ. ಅವನಿಗೆ ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು.

ಮಣ್ಣು ಮಾಡಿ ಬಂದ ಮೇಲೂ ಅಡಿವೆವ್ವ ಬಳೆ ಒಡೆಯಲು ಕೈ ಕೊಡಲಿಲ್ಲ. ಸೀದಾ ನಮ್ಮ ಮನೆಗೆ ಬಂದಳು.

“ಹಿರೇಕೆರೂರಾಗ ತೋರಸ್ತೀರೇನ್ರಿ?”

ಅಣ್ಣ ತಲೆ ತಗ್ಗಿಸಿ, “ಸಾಹುಕಾರ ಬರಾಕತ್ತಾನವ್ವ. ಬಿಟ್ರ ನನ್ನ ಬಾಳೇ ಹೋದಂಗ,” ಎಂದ.

“ತೋರಸ್ರಿ. ಬ್ಯಾಡ ಅನ್ನಾಕ ಬಂದಿಲ್ಲ. ಆದ್ರ ತೋರಿಸಿದ ಊರಾಗೆಲ್ಲ ಎದ್ದು ನಿಂದರ್ತಾನ ಅಂದೀರಿ. ಅಲ್ಲೂ ನಿಂದರಸ್ರಿ. ಆರತಿ ಆಗಲಿ. ಆಮ್ಯಾಲ ನಾನ ಬಳಿ ಒಡಕೋತೇನಿ.”

“ನಿಂದರಸ್ತೇನಿ,” ಎಂದ ನಮ್ಮಣ್ಣ. ಹೇಗೆಂದು ಅವನಿಗೂ ಗೊತ್ತಿರಲಿಲ್ಲ. ಅಡಿವೆವ್ವನೂ ನಮ್ಮ ಜೊತೆ ಗಾಡಿ ಹತ್ತಿದಳು.

ಹಿರೇಕೆರೂರಿನಲ್ಲಿ ಡೇರೆ ತುಂಬಿತು. ಸಾಹುಕಾರ ಮುಂದೆ ಕುರ್ಚಿಯಲ್ಲಿ ಕುಳಿತು, ಆಗಾಗ ತೊಡೆ ತಟ್ಟಿ ಭಲೆ ಎನ್ನುತ್ತಿದ್ದ. ಅವನ ಕಾಲ ಹತ್ತಿರ ನೆಲದ ಮೇಲೆ ಅಡಿವೆವ್ವ. ಪರದೆಯ ಮೇಲೆ ರಾಜ ಸತ್ತ. ಜನ ಕಣ್ಣೊರೆಸಿಕೊಂಡು, ಈಗ ಬರುತ್ತಾನೆ ಎಂದು ಪರದೆಯ ಪಕ್ಕಕ್ಕೆ ನೋಡತೊಡಗಿದರು. ಅಣ್ಣ ಮಶೀನಿನ ಕಡೆ ತಿರುಗಿದ. ಆಮೇಲೆ ಭೋಂಗಾ ಎತ್ತಿದ.

“ಖಾದರಸಾಬ, ಹಿಂದಕ ತಿರುವು!”

ಖಾದರಸಾಬ ಹಿಡಿಕೆಯನ್ನು ತಿರುವುಮುರುವಾಗಿ ತಿರುಗಿಸಿದ. ನೆಲದಿಂದೆದ್ದ ಧೂಳು ನೆಲಕ್ಕೇ ಸೇರಿತು. ಮಾರೆಪ್ಪ ಕಣ್ಣು ಬಿಟ್ಟ. ಉರುಳಿ ಹೋಗಿದ್ದ ಕಿರೀಟ ಹಾರಿ ಬಂದು ಅವನ ತಲೆಯೇರಿತು. ಎದೆಯ ಭರ್ಚಿ ತಾನಾಗಿ ಕಿತ್ತುಕೊಂಡು ಮಂತ್ರಿಯ ಕೈಗೆ ಹೋಯಿತು. ಮಾರೆಪ್ಪ ಎದ್ದು ನಿಂತ. ಮೊದಲು ನಕ್ಕ ಜನ ಆಮೇಲೆ ಕೈಮುಗಿದರು. ವೈನಿ ಆರತಿ ಹಿಡಿದು ಪರದೆಯ ಮುಂದೆ ಓಡಿದಳು. ಆದರೆ ಮಾರೆಪ್ಪ ನಿಲ್ಲಬೇಕಲ್ಲ! ಬೆನ್ನು ಹಿಂದಾಗಿ ಹೆಜ್ಜೆ ಹಾಕುತ್ತ ಗುಡಿಯ ಕಡೆ ಸರಿಯತೊಡಗಿದ.

“ಹೊಂಟ! ಹೊಂಟ ನೋಡ್ರಿ! ನಿಂದರಸ್ರಿ, ಮಾಸ್ತರ!” ಎಂದು ಅಡಿವೆವ್ವ ಚೀರಿದಳು.

“ನಿಂದರಿಸಿದ್ರ ದೀಪದ ಕಾವಿಗೆ ಫಿಲ್ಮ್ ಹೊತ್ತಿ ಉರಿತೈತ್ರಿ, ಮಾಲಕ!” ಎಂದು ಖಾದರಸಾಬ ಹಿಂದಿನಿಂದ ಕೂಗಿದ. “ಎಲ್ಲಾ ಸುಟ್ಟು ಹೋಗತೈತಿ!”

ಅಣ್ಣ ಸಾಹುಕಾರನ ಕಡೆ ನೋಡಿದ. ಅಡಿವೆವ್ವನ ಕೈಯ ಬಳೆ ನೋಡಿದ. ಭೋಂಗಾವನ್ನು ಬಾಯಿಗಿಟ್ಟ.

“ನಿಂದರಸು,” ಎಂದ.

ಮಾರೆಪ್ಪ ನಿಂತ. ವೈನಿ ಆರತಿ ಎತ್ತಿದಳು. ಜನ ಎದ್ದು ಮಂಗಳ ಹಾಡಿದರು. ಮೊದಲು ಕಿರೀಟ ಕಂದಿತು, ಆಮೇಲೆ ಎದೆಯಲ್ಲಿ ಒಂದು ತೂತು ಬಿದ್ದು ದೊಡ್ಡದಾಯಿತು. ಮುಖ ಮಾತ್ರ ಆರತಿ ಮುಗಿಯುವ ತನಕ ಉಳಿದಿತ್ತು. ಆಮೇಲೆ ಮಶೀನು ಭಗ್ಗೆಂದಿತು. ಪಕ್ಕದ ಬುಟ್ಟಿಯ ಸುರುಳಿಗಳೂ ಹೊತ್ತಿಕೊಂಡವು. ನಾವು ಉಸುಕು ಎರಚುವಷ್ಟರಲ್ಲಿ ಸಿನೇಮಾ ಬೂದಿಯಾಗಿತ್ತು. ಸಾಹುಕಾರ ಚಪ್ಪಲಿ ಬಿಟ್ಟು ಓಡಿಹೋದವನು ಮತ್ತೆ ಇತ್ತ ತಲೆ ಹಾಕಲಿಲ್ಲ.

ಜನರೆಲ್ಲ ಹೋದ ಮೇಲೆ ಅಡಿವೆವ್ವ ಒಂದು ಕಲ್ಲು ಹುಡುಕಿ ತಂದು ಅಣ್ಣನ ಪಕ್ಕದಲ್ಲಿ ಕುಳಿತಳು.

“ಒಂದ ಕಡೆ ನಿಂದರಾವಲ್ರಿ ಅವ,” ಎಂದಳು. “ನೀವು ಹೇಳಿದ್ರಿ ಅಂತ ನಿಂತ.”

ಅಣ್ಣ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅಡಿವೆವ್ವ ಕಲ್ಲಿನ ಮೇಲೆ ಕೈಯಿಟ್ಟು ಬಳೆ ಒಡೆದುಕೊಂಡಳು.