ಲೈನ್ ಕೊಡಿ ಭಟ್ರೇ

ಮೊದಲೇ ಹೇಳಿಬಿಡುತ್ತೇನೆ, ದೆವ್ವದ ಕತೆ ಹೇಳುವ ಚಟ ನನಗಿಲ್ಲ. ಜೀವಮಾನವೆಲ್ಲ ವಿದ್ಯುತ್ತಿನ ಪಾಠ ಮಾಡಿದವನು. ಎಲ್ಲೋ ದೀಪ ತಾನಾಗಿ ಹೊತ್ತಿಕೊಂಡಿತು ಎಂದು ಯಾರಾದರೂ ಹೇಳಿದರೆ, ಮೊದಲು ವೈರಿಂಗ್ ನೋಡಿ ಎನ್ನುವ ಜಾತಿ ನನ್ನದು. ಆದರೆ ಸುಳ್ಯದ ಕಡೆಯ ಪಂಜ ಎಂಬ ಊರಿನ ಹತ್ತಿರದ ಸ್ವಿಚ್ ಹೌಸಿನಲ್ಲಿ ಕಳೆದ ಒಂದು ರಾತ್ರಿಗೆ ಮಾತ್ರ ಇಂದಿನವರೆಗೂ ನನ್ನ ಬಳಿ ಉತ್ತರವಿಲ್ಲ. ಒಂದಕ್ಷರವನ್ನೂ ಸೇರಿಸದೆ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಅದು ಅರವತ್ತರ ದಶಕ. ನಾನಾಗ ಬೆಂಗಳೂರಿನಲ್ಲಿ ಎಲೆಕ್ಟ್ರಿಕಲ್ ವಿಷಯದಲ್ಲಿ ಎಂ.ಇ. ಓದುತ್ತಿದ್ದೆ. ಇಂಜಿನಿಯರ್ ಆದ ಮೇಲೂ ಓದುವುದಕ್ಕೆ ಇನ್ನೇನು ಉಳಿದಿದೆ ಎಂದು ಪುತ್ತೂರಿನ ನಮ್ಮ ಮನೆಯವರಿಗೆಲ್ಲ ಸೋಜಿಗ. ಹಳ್ಳಿಗಳಿಗೆ ಹೋಗುವ ಲೈನುಗಳಲ್ಲಿ ಕರೆಂಟು ಎಷ್ಟು ಸೋರಿಹೋಗುತ್ತದೆ ಎಂಬುದು ನನ್ನ ಪ್ರಬಂಧದ ವಿಷಯವಾಗಿತ್ತು. ಕಾಗದದ ಲೆಕ್ಕವೆಲ್ಲ ಮುಗಿದಿತ್ತು. ಆದರೆ ನಿಜವಾದ ಲೈನಿನ ಅಳತೆ ತಾರದೆ ಸಹಿ ಹಾಕುವುದಿಲ್ಲ ಎಂದು ನನ್ನ ಪ್ರೊಫೆಸರು ಪಟ್ಟು ಹಿಡಿದರು.

ಹಾಗಾಗಿ ಕಾಲೇಜಿನ ಮೆಗರ್ ಪೆಟ್ಟಿಗೆಯನ್ನು ಹೊತ್ತುಕೊಂಡು ಊರಿಗೆ ಬಂದೆ. ಮೆಗರ್ ಎಂದರೆ ದೊಡ್ಡ ಸಂಗತಿಯೇನಲ್ಲ. ಒಂದು ವೈರನ್ನು ಲೈನಿಗೆ, ಇನ್ನೊಂದನ್ನು ನೆಲಕ್ಕೆ ಕೊಟ್ಟು ಹಿಡಿ ತಿರುಗಿಸಿದರೆ ಅದರೊಳಗೇ ಸ್ವಲ್ಪ ಕರೆಂಟು ಹುಟ್ಟಿ ಲೈನಿಗೆ ಹೋಗುತ್ತದೆ. ಲೈನು ನೆಲಕ್ಕೆ ತಾಗಿದ್ದರೆ ಮುಳ್ಳು ಸೊನ್ನೆಯಲ್ಲೇ ಕೂರುತ್ತದೆ. ಎಲ್ಲೂ ತಾಗಿಲ್ಲದಿದ್ದರೆ ಆಚೆ ತುದಿಗೆ ಓಡುತ್ತದೆ. ಅಳತೆ ಮಾಡುವಾಗ ಲೈನಿನಲ್ಲಿ ಕರೆಂಟು ಇರಬಾರದು, ಅಷ್ಟೇ.

ಆ ಕಡೆಯ ಲೈನ್‌ಮನ್ ಉಮರಬ್ಬ. ನಡುವಯಸ್ಸಿನ ಬ್ಯಾರಿ ಮುಸಲ್ಮಾನ, ತಲೆಗೆ ಬಿಳಿ ಟೊಪ್ಪಿ, ಸೊಂಟಕ್ಕೆ ಅಗಲದ ಬೆಲ್ಟು. ಲೈನು ಎಂದು ಬಂದ್ ಆಗುತ್ತದೋ ಅಂದು ಅಳತೆ ಮಾಡಿಕೊಳ್ಳಲು ಮೇಲಿನವರು ನನಗೆ ಒಪ್ಪಿಗೆ ಕೊಟ್ಟಿದ್ದರು. ನಾನು ದಿನವೂ ಹೋಗಿ ಕಾಯುವುದನ್ನು ನೋಡಿ ಉಮರಬ್ಬನಿಗೆ ನಗು. ಲೈನು ಕೆಡಲಿ ಎಂದು ಹರಕೆ ಹೊತ್ತ ಭಟ್ರನ್ನು ಇದೇ ಮೊದಲು ನೋಡುವುದು ಎನ್ನುತ್ತಿದ್ದರು.

ಸ್ವಿಚ್ ಹೌಸೆಂದರೆ ಕಲ್ಲಿನ ಗೋಡೆಯ ಒಂದು ಕೋಣೆ. ಕಬ್ಬಿಣದ ಬಾಗಿಲು, ಕೈಗೆಟುಕದ ಎತ್ತರದಲ್ಲಿ ಸರಳಿನ ಸಣ್ಣ ಕಿಂಡಿ. ಒಳಗೆ ಟ್ರಾನ್ಸ್‌ಫಾರ್ಮರ್ ಎಣ್ಣೆಯ ವಾಸನೆ ಮತ್ತು ಗೋಡೆಗೆ ದೊಡ್ಡ ಹಿಡಿಯ ಸ್ವಿಚ್ಚು. ಅಲ್ಲೊಂದು ಪದ್ಧತಿ ಇತ್ತು. ಕಂಬ ಹತ್ತಲು ಹೋಗುವವನು ಸ್ವಿಚ್ಚನ್ನು ಕೆಳಗೆ ಎಳೆದು, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಬೆಲ್ಟಿಗೆ ಕಟ್ಟಿಕೊಂಡೇ ಹೋಗಬೇಕು. ಇಳಿದು ಬಂದು ಅವನೇ ಬಾಗಿಲು ತೆಗೆದು ಕರೆಂಟು ಕೊಡಬೇಕು. ಅದಲ್ಲದೆ ಕಂಬದ ಬುಡದಿಂದ ತಂತಿಯ ಮೇಲೆ ಒಂದು ಸರಪಳಿಯನ್ನೂ ಎಸೆಯುತ್ತಿದ್ದರು. ಯಾರಾದರೂ ತಪ್ಪಿ ಕರೆಂಟು ಬಿಟ್ಟರೂ ಅದು ಸರಪಳಿಯಲ್ಲಿ ಇಳಿದು ನೆಲ ಸೇರುತ್ತದೆ.

ಆ ದಿನ ಸಂಜೆ ಜೋರು ಗಾಳಿ ಬೀಸಿ ಲೈನು ಬಂದ್ ಆಯಿತು. ಸ್ವಲ್ಪ ದೂರದ ಗುಡ್ಡದಾಚೆ ತಂತಿಯ ಮೇಲೆ ತೆಂಗಿನ ಗರಿಯ ಮಡಲು ಬಿದ್ದಿದೆ ಎಂದು ಸುದ್ದಿ ಬಂತು. ಪಂಜದಲ್ಲಿ ಒಂದು ಮದುವೆ ಮನೆ, ಅವರಿಂದ ಒಂದೇ ಸಮನೆ ಒತ್ತಾಯ. ಜೊತೆಯವನು ರಜೆಯಲ್ಲಿದ್ದುದರಿಂದ ಉಮರಬ್ಬ ಸ್ವಿಚ್ಚು ಕೆಳಗೆ ಎಳೆದು ಒಬ್ಬರೇ ಹೊರಟರು. ಅವರು ಇಳಿದು ಬಂದ ಮೇಲೆ, ಕರೆಂಟು ಕೊಡುವ ಮೊದಲು, ನಾನು ಅಳತೆ ಮಾಡಿಕೊಳ್ಳುವುದು ಎಂದಾಗಿತ್ತು. ನಾನು ಲಾಟೀನು ಹಚ್ಚಿ, ಮೂಲೆಯಲ್ಲಿ ಬಗ್ಗಿ ಮೆಗರಿನ ವೈರು ಜೋಡಿಸುತ್ತಿದ್ದೆ.

ಹಿಂದೆ ಕಬ್ಬಿಣದ ಬಾಗಿಲು ಮುಚ್ಚಿತು. ಬೀಗ ಕಟ್ ಎಂದಿತು.

ನಾನು ಒಳಗಿರುವುದು ಅವರಿಗೆ ಮರೆತೇಹೋಗಿತ್ತು. ಅಷ್ಟು ವರ್ಷ ಅದೇ ಕೆಲಸ ಮಾಡಿದ ಕೈ, ಅದರಷ್ಟಕ್ಕೆ ಬೀಗ ಹಾಕಿತ್ತು. ಕೂಗಿದೆ, ಬಾಗಿಲು ಬಡಿದೆ. ಸೈಕಲ್ಲಿನ ಸಡಿಲ ಮಡ್‌ಗಾರ್ಡ್ ಗಡಗಡ ಎನ್ನುತ್ತಾ ದೂರವಾಯಿತು. ಹೇಗೂ ಬೇಗ ಬರುತ್ತಾರೆ ಎಂದು ಸಮಾಧಾನ ಮಾಡಿಕೊಂಡು ಕುಳಿತೆ.

ಬರಲಿಲ್ಲ.

ಗಾಳಿ ನಿಂತಿತು. ಒಳಗೆ ಸೆಕೆ. ಬೆನ್ನಿಗೆ ಅಂಗಿ ಅಂಟಿಕೊಂಡಿತು. ಬಾಯಾರಿಕೆ ಬೇರೆ, ನೀರಿನ ಕೂಜೆ ಹೊರಗಿನ ಜಗಲಿಯಲ್ಲಿತ್ತು. ಕಿಂಡಿಯ ಕೆಳಗೆ ನಿಂತು ಮೂಗನ್ನು ಮೇಲಕ್ಕೆ ಮಾಡಿ ಉಸಿರು ಎಳೆದುಕೊಂಡೆ. ಗೋಡೆಗಳು ಹತ್ತಿರ ಬರುತ್ತಿವೆ ಎಂದು ಅನಿಸಲು ಶುರುವಾದಾಗ, ಸುಳ್ಳೇಕೆ, ನನಗೆ ಅಳುವೇ ಬಂತು.

ಎಷ್ಟು ಹೊತ್ತಾಯಿತೋ... ಹೊರಗಿನಿಂದ ಯಾರೋ ಕರೆದರು.

"ಭಟ್ರೇ..."

ಉಮರಬ್ಬನ ಸ್ವರ. ಹೋದ ಜೀವ ಬಂದಂತಾಯಿತು. ಬಾಗಿಲು ತೆಗೆಯಿರಿ ಮಾರಾಯ್ರೆ, ನನ್ನನ್ನು ಒಳಗೆ ಹಾಕಿ ಹೋದಿರಲ್ಲ ಎಂದು ರೇಗಿದೆ.

"ಬೀಗದ ಕೈ ಎಲ್ಲಿಯೋ ಬಿದ್ದು ಹೋಯ್ತು. ಆಮೇಲೆ ಹುಡುಕುವ. ನಾನು ಇಳಿದಾಯ್ತು. ಲೈನ್ ಕೊಡಿ ಭಟ್ರೇ. ಮದುವೆ ಮನೆಯವರು ಕತ್ತಲೆಯಲ್ಲಿ ಕೂತಿದ್ದಾರೆ."

ಎದ್ದು ಹೋಗಿ ಸ್ವಿಚ್ಚಿನ ಹಿಡಿಗೆ ಕೈ ಹಾಕಿಯೇಬಿಟ್ಟೆ. ಆಗ ನೆನಪಾದದ್ದು ಯಾರ ಜೀವವೂ ಅಲ್ಲ, ನನ್ನ ಡಿಗ್ರಿ. ಕರೆಂಟು ಕೊಟ್ಟುಬಿಟ್ಟರೆ ಅಳತೆ ಹೋಯಿತು. ಒಂದು ನಿಮಿಷ ತಡೆಯಿರಿ ಎಂದು ಹೇಳಿ ಮೆಗರಿನ ಹಿಡಿ ತಿರುಗಿಸಿದೆ.

ಮುಳ್ಳು ಸೊನ್ನೆ ಬಿಟ್ಟು ಅಲುಗಲಿಲ್ಲ.

"ಸರಪಳಿ ತಂತಿಯಲ್ಲೇ ಉಂಟಲ್ಲ ಮಾರಾಯ್ರೆ," ಎಂದೆ.

ಹೊರಗೆ ಹೆಜ್ಜೆಯ ಸದ್ದಿಲ್ಲ. ಸೈಕಲ್ಲಿನ ಸದ್ದಂತೂ ಇಲ್ಲ... ಬರುವಾಗಲೂ ಮಡ್‌ಗಾರ್ಡಿನ ಗಡಗಡ ಕೇಳಿಸಿರಲಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ. ಬಾಗಿಲ ಸಂದಿನಿಂದ ಸುಟ್ಟ ಕೂದಲಿನ ವಾಸನೆ ಒಳಗೆ ಬಂತು.

ನಾನು ಎರಡು ಸಲ ಉಗುಳು ನುಂಗುವಷ್ಟರಲ್ಲಿ ಅದೇ ಸ್ವರ, ಅದೇ ಜಾಗದಿಂದ:

"ಸರಪಳಿ ತೆಗೆದಾಯ್ತು. ಈಗ ನೋಡಿ."

ಕಂಬ ಇರುವುದು ಗುಡ್ಡದಾಚೆ. ಹೋಗಿ ಬರಲು ಸೈಕಲ್ಲಿಗೂ ಸುಮಾರು ಹೊತ್ತು ಬೇಕು. ಆದರೂ ಮೆಗರನ್ನು ಮತ್ತೆ ತಿರುಗಿಸಿದೆ.

ಮುಳ್ಳು ಸೊನ್ನೆಯಿಂದ ಎದ್ದಿತು. ಆಚೆ ತುದಿಗೆ ಓಡಬೇಕಾಗಿತ್ತು. ಓಡಲಿಲ್ಲ. ನಡುವೆಯೇ ನಿಂತು ಸಣ್ಣಗೆ ನಡುಗತೊಡಗಿತು. ಅಂದರೆ ಸರಪಳಿ ಇಲ್ಲ, ಆದರೆ ತಂತಿಗೆ ಬೇರೇನೋ ತಾಗಿದೆ. ಮಡಲು ಇರಬಹುದೇ ಎಂದುಕೊಂಡೆ. ಗಾಳಿ ನಿಂತು ಎಷ್ಟೋ ಹೊತ್ತಾಗಿತ್ತು. ಮಡಲು ಹಾಗೆ ನಡುಗುವುದಿಲ್ಲ. ಇದು ಬಿಗಿ ಹಿಡಿದು, ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿ ಹಿಡಿಯುವ ನಡುಕ... ಒಮ್ಮೆಗೇ ಮುಳ್ಳು ಆಚೆ ತುದಿಗೆ ಹಾರಿತು.

ಯಾರೋ ತಂತಿಯಿಂದ ಕೈ ತೆಗೆದಿದ್ದರು.

ಕಂಬದಲ್ಲಿ ಮನುಷ್ಯ ಇದ್ದಾನೆ. ಕಂಬದಲ್ಲಿ ಇರುವುದು ಉಮರಬ್ಬ. ಹಾಗಾದರೆ ಬಾಗಿಲ ಹೊರಗೆ?

"ಲೈನ್ ಕೊಡಿ ಭಟ್ರೇ."

ಈ ಸಲ ಸ್ವರ ಬಂದದ್ದು ಬಾಗಿಲ ಬುಡದಿಂದ, ನೆಲಕ್ಕೆ ಬಾಯಿ ಇಟ್ಟು ಹೇಳಿದ ಹಾಗೆ. ಸ್ವಲ್ಪ ಹೊತ್ತಿಗೆ ಮೇಲಿನ ಕಿಂಡಿಯಿಂದ ಬಂತು. ಅಷ್ಟು ಎತ್ತರದ ಮನುಷ್ಯರಿಲ್ಲ. ತಲೆ ಎತ್ತಿ ನೋಡುವ ಧೈರ್ಯ ನನಗಾಗಲಿಲ್ಲ. ಲಾಟೀನಿನ ಎಣ್ಣೆ ಮುಗಿದು ದೀಪ ಕಣ್ಣು ಮುಚ್ಚಿತು.

ಹೊದೆಯಲು ತಂದಿದ್ದ ಶಾಲಿನಿಂದ ಸ್ವಿಚ್ಚಿನ ಹಿಡಿಯನ್ನು ಬಿಗಿದು ಕಟ್ಟಿದೆ. ಹೊರಗಿದ್ದುದಕ್ಕೆ ಹೆದರಿ ಅಲ್ಲ, ನನ್ನ ಕೈಗೆ ಹೆದರಿ. ಆ ಸ್ವರ ಅಷ್ಟು ದೈನ್ಯದಿಂದ, ಅಷ್ಟು ಪರಿಚಯದಿಂದ ಕೇಳುತ್ತಿತ್ತು. ಸಂಜೆಯಿಂದ ಶಪಿಸುತ್ತಿದ್ದ ಬೀಗವನ್ನು ಈಗ ದೇವರೇ ಹಾಕಿಸಿದ್ದು ಎಂದುಕೊಂಡೆ. ಮರುಕ್ಷಣವೇ, ಆ ಬೀಗದಿಂದಾಗಿಯೇ ಕಂಬದಲ್ಲಿರುವ ಮನುಷ್ಯನ ಹತ್ತಿರ ನನಗೆ ಓಡಲಾಗುತ್ತಿಲ್ಲ ಎಂದು ಹೊಳೆಯಿತು. ಹಿಡಿಗೆ ಬೆನ್ನು ಕೊಟ್ಟು, ಕಿವಿ ಮುಚ್ಚಿಕೊಂಡು ಕುಳಿತೆ. ಬೆಳಗಾಗುವವರೆಗೂ ಅದು ಕೇಳುತ್ತಲೇ ಇತ್ತು.

ಕಿಂಡಿಯಲ್ಲಿ ಬೆಳಕು ಮೂಡಿದಾಗ ಮಡ್‌ಗಾರ್ಡಿನ ಗಡಗಡ ಕೇಳಿಸಿತು. ಹೊರಗಿನಿಂದ ಉಮರಬ್ಬ, ಎಲ್ಲಿ ಹೋದ್ರಿ ಭಟ್ರೇ ಎಂದು ಕೇಳಿದರು. ನಾನು ಹಿಡಿಗೆ ಇನ್ನಷ್ಟು ಒತ್ತಿ ಕುಳಿತೆ. ಬೀಗದ ಕೈ ತಿರುಗಿತು, ಬಾಗಿಲು ತೆರೆಯಿತು. ಬೆಲ್ಟಿಗೆ ಕಟ್ಟಿದ ಬೀಗದ ಕೈ ನೋಡಿದ ಮೇಲೆಯೇ ನಾನು ಉಸಿರು ಬಿಟ್ಟದ್ದು.

ಮನುಷ್ಯನ ಮುಖದಲ್ಲಿ ರಕ್ತವಿರಲಿಲ್ಲ. ಏಣಿ ಜಾರಿ ಬಿದ್ದು, ಮರದ ಕಂಬದ ತುದಿಯಲ್ಲಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅವರು ಇಡೀ ರಾತ್ರಿ ಕಳೆದಿದ್ದರು. ಬೆಳಿಗ್ಗೆ ಕಳ್ಳು ಇಳಿಸಲು ಬಂದವನೊಬ್ಬ ಏಣಿ ಇಟ್ಟು ಇಳಿಸಿದನಂತೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಬಾಗಿಲ ಹೊಸ್ತಿಲನ್ನೇ ನೋಡುತ್ತಿದ್ದರು.

ಸರಪಳಿ ಅಲ್ಲಿ ಬಿದ್ದಿತ್ತು. ಗುಡ್ಡದಾಚೆಯ ಕಂಬದ ಬುಡದಲ್ಲಿ ಇರಬೇಕಾದ ಸರಪಳಿ.

"ನೀವು ಇಡೀ ರಾತ್ರಿ ಒಳಗೆಯೇ ಇದ್ದದ್ದಾ?" ಎಂದು ಕೇಳಿದರು.

ಹೌದು, ಬೀಗದ ಕೈ ನಿಮ್ಮ ಸೊಂಟದಲ್ಲೇ ಉಂಟಲ್ಲ ಎಂದೆ. ಅವರು ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡು ಜಗಲಿಯಲ್ಲಿ ಕುಳಿತರು. ಕೂಜೆಯ ನೀರನ್ನು ಇಬ್ಬರೂ ಕುಡಿದೆವು. ರಾತ್ರಿ ನಡೆದದ್ದನ್ನು ನಾನು ಹೇಳಿದೆ. ಅದು ತಮ್ಮದೇ ಸ್ವರವಾಗಿತ್ತಾ ಎಂದು ಅವರು ಎರಡೆರಡು ಸಲ ಕೇಳಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು.

"ಸರಪಳಿ ಎಳೆದ ಸದ್ದು ಕೇಳಿತು. ಯಾರು ಅಂತ ಕೇಳಿದೆ. ಕೆಳಗಿಂದ ನೀವು ಮಾತಾಡಿದ್ರಿ ಭಟ್ರೇ. ನಿಮ್ಮದೇ ಸ್ವರ. ಏಣಿ ತರ್ತೇನೆ, ಅಲ್ಲಿವರೆಗೆ ಬೀಳಬೇಡಿ, ತಂತಿಯನ್ನು ಗಟ್ಟಿ ಹಿಡ್ಕೊಳ್ಳಿ ಅಂತ ಹೇಳಿದ್ರಿ. ನಾನು ಹಿಡ್ಕೊಂಡೆ. ಆಗ ಕೈಗೆ ಸಣ್ಣಕೆ ಜುಮ್ಮೆಂದಿತು... ಬಿಟ್ಟೆ."

ಆ ಜುಮ್ಮು ನನ್ನ ಮೆಗರಿನದು.

ಆಮೇಲೆ ಬೇರೊಂದು ದಿನ, ಹಗಲಿನಲ್ಲಿ, ಇಬ್ಬರನ್ನು ಜೊತೆಗಿಟ್ಟುಕೊಂಡು ಅಳತೆ ಮಾಡಿದೆ. ಪ್ರೊಫೆಸರು ಸಹಿ ಹಾಕಿದರು, ಡಿಗ್ರಿಯೂ ಬಂತು. ಮುಳ್ಳು ನಡುವೆ ನಿಂತು ನಡುಗಿದ್ದನ್ನು ಪ್ರಬಂಧದಲ್ಲಿ ಎಲ್ಲಿ ಬರೆಯಲಿ?

ವರ್ಷಗಳ ಮೇಲೆ ಸುಳ್ಯದ ಬಸ್ ನಿಲ್ದಾಣದಲ್ಲಿ ಉಮರಬ್ಬನ ಬೆನ್ನು ಕಂಡಿತು. ಸಂತೋಷದಿಂದ ಹಿಂದಿನಿಂದ ಕರೆದೆ. ಅವರ ಹೆಗಲು ಗಟ್ಟಿಯಾದದ್ದು ಕಾಣಿಸಿತು. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಪಕ್ಕದ ಕಬ್ಬಿಣದ ಕಂಬ ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟು ದೂರ ಸರಿದು ನಿಂತರು. ನಾನು ಸುತ್ತಿ ಹೋಗಿ ಎದುರು ನಿಂತು ಮುಖ ತೋರಿಸಿದ ಮೇಲೆಯೇ ಅವರು ನಕ್ಕದ್ದು.

"ಬೇಜಾರು ಮಾಡಬೇಡಿ ಭಟ್ರೇ," ಎಂದರು.

ನನಗೆ ಬೇಜಾರಾಗಲಿಲ್ಲ. ಚಹಾ ಕುಡಿಯುತ್ತಾ, ಪುತ್ತೂರಿಗೆ ಬಂದರೆ ಮನೆಗೆ ಬನ್ನಿ ಎಂದು ಅವರನ್ನು ಕರೆದೆ. ಕರೆದ ಮೇಲೆ ನನಗೇ ದಿಗಿಲಾಯಿತು. ಅವರು ಬಂದು ಬಾಗಿಲ ಹೊರಗೆ ನಿಂತು ಭಟ್ರೇ ಎಂದು ಕರೆದರೆ, ನಾನು ಬಾಗಿಲು ತೆಗೆದೇನೇ?